ಏಳು ತಿಂಗಳ ಮಗುವಿನ ಜೊತೆ ಹಲಸಿನ ಹಪ್ಪಳದ ವ್ಯಾಪಾರ: ಯಾವ ಕೆಲಸ ನಿಮ್ಮದು, ಯಾವುದು ಕೂಲಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ, ಏಳು ತಿಂಗಳ ಮಗು, ಹಗಲಿಗೆ ಅತ್ತೆ ಇದ್ದಾರೆ, ಈ ಸೀಸನಿಗೆ ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ ಮಾಡಿ ಮಂಗಳೂರಿನ ಅಂಗಡಿಗಳಿಗೂ ಕೊಡಬೇಕು, ಎರಡನ್ನೂ ಸುಧಾರಿಸುವುದು ಹೇಗೆ ಎಂದು ಕೇಳಿದ್ದೀರಿ.

ಟೈಮ್‌ಟೇಬಲ್ ಆಮೇಲೆ ಬರೆಯಿರಿ. ಮೊದಲು ಕೆಲಸಗಳನ್ನು ಎರಡು ಪಾಲು ಮಾಡಿ: ಮಗು ಅತ್ತರೆ ಅಲ್ಲಿಗೇ ಬಿಟ್ಟು ಏಳಬಹುದಾದದ್ದು ಒಂದು, ಬಿಟ್ಟರೆ ಹಾಳಾಗುವಂಥದ್ದು ಇನ್ನೊಂದು. ಸೊಳೆ (ಹಲಸಿನ ತೊಳೆ) ಬಿಡಿಸುವುದು, ಒಣಗಿದ್ದನ್ನು ಎಣಿಸಿ ಕಟ್ಟು ಕಟ್ಟುವುದು, ಲೇಬಲ್ ಅಂಟಿಸುವುದು, ಲೆಕ್ಕ ಬರೆಯುವುದು ಮೊದಲನೆಯ ಪಾಲಿಗೆ. ಬೇಯಿಸಿದ ಸೊಳೆಯನ್ನು ಗುದ್ದುವುದು, ಒತ್ತುವುದು, ಬಿಸಿಲಿಗೆ ಹಾಕುವುದು ಎರಡನೆಯದಕ್ಕೆ. ಸೊಳೆಯನ್ನು ಬಿಸಿ ಇರುವಾಗಲೇ ಗುದ್ದದಿದ್ದರೆ ಗಂಟು ಉಳಿಯುತ್ತದೆ, ಗಂಟಿರುವ ಹಪ್ಪಳ ಕರಿಯುವಾಗ ಅಲ್ಲೇ ಒಡೆಯುತ್ತದೆ. ಹಿಟ್ಟು ಸಂಜೆಯವರೆಗೆ ಉಳಿದರೆ ಹುಳಿ ವಾಸನೆ. ಹಾಗಾಗಿ ಕೂಲಿ ಕೊಟ್ಟು ಮಾಡಿಸುವುದಿದ್ದರೆ ಮೊದಲು ಈ ಎರಡನೆಯ ಪಾಲನ್ನು ಮಾಡಿಸಿ. ಅನೇಕರು ಪ್ಯಾಕಿಂಗಿಗೆ ಜನ ಇಟ್ಟು ತಾವು ಒತ್ತಲು ಕೂರುತ್ತಾರೆ. ಮಗು ಎದ್ದರೆ ಹಿಟ್ಟೂ ಕಾಯುವುದಿಲ್ಲ, ಮಗುವೂ ಕಾಯುವುದಿಲ್ಲ.

ಒತ್ತುವ ದಿನ ಹೀಗೆ ಹೊಂದಿಸಿ. ಹಿಂದಿನ ಸಂಜೆ ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿ ಬೆಳೆದ ಕಾಯಿ ಕೊಯ್ದು ಸೊಳೆ ಬಿಡಿಸಿಡಿ. ಕಾಯಿಯ ತೂಕದ ಸುಮಾರು ಮೂರನೇ ಒಂದು ಪಾಲು ಸೊಳೆ ಸಿಗುತ್ತದೆ. ಬೆಳಿಗ್ಗೆ 5ಕ್ಕೆ ಒಲೆ ಹಚ್ಚಿ ಹಬೆಯಲ್ಲಿ ಬೇಯಿಸಿ, 7ರೊಳಗೆ ಗುದ್ದಿ ಮುಗಿಸಿ, 10ರೊಳಗೆ ಎಲ್ಲ ಚಾಪೆಯ ಮೇಲಿರಬೇಕು. ಏಪ್ರಿಲ್, ಮೇಯಲ್ಲಿ ನಮ್ಮ ಕಡೆ ಗುಡುಗಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಬರುವುದು. ಮೊದಲ ದಿನದ ಬಿಸಿಲು ತಪ್ಪಿದ ಹಪ್ಪಳಕ್ಕೆ ಬೂಸ್ಟು ಹಿಡಿಯುತ್ತದೆ. ಎರಡು ಮೂರು ಬಿಸಿಲು ಆದ ಮೇಲೆ ಮುರಿದು ನೋಡಿ. ಟಕ್ಕೆಂದು ಮುರಿಯಬೇಕು, ಬಾಗಿದರೆ ಇನ್ನೊಂದು ಬಿಸಿಲು. ವಾರಕ್ಕೆ ಇಂಥ ಎರಡೇ ದಿನ ಸಾಕು.

ಅತ್ತೆಯವರಿಗೆ “ಸ್ವಲ್ಪ ಮಗು ನೋಡಿ” ಎನ್ನುವ ಬದಲು ಆ ಎರಡು ದಿನ ಬೆಳಿಗ್ಗೆ 5ರಿಂದ 10 ಎಂದು ಸ್ಪಷ್ಟವಾಗಿ ಹೇಳಿ. ಆ ದಿನ ಅಡುಗೆಯ ಹೊರೆ ಅವರ ಮೇಲೆ ಬೀಳಬಾರದು, ಅದಕ್ಕೆ ಬೇಕಾದರೆ ಬೇರೆ ಜನ ಮಾಡಿ.

ಹಾಲುಣಿಸುವ ತಾಯಿ ಗಮನಿಸಬೇಕಾದದ್ದು ಮೆಣಸು. ಹಿಟ್ಟಿಗೆ ಮೆಣಸು ಕಲಸಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಖಾರ ಹೋಗುವುದಿಲ್ಲ, ಏಕೆಂದರೆ ಅದು ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುವುದು. ತೆಂಗಿನೆಣ್ಣೆ ಹಚ್ಚಿ ಉಜ್ಜಿ, ಒರೆಸಿ, ಆಮೇಲೆ ಉಗುರ ಸಂದಿಯವರೆಗೆ ಎರಡು ಸಲ ಸೋಪು ಹಾಕಿ. ಇಲ್ಲವಾದರೆ ಮಗುವಿನ ಕಣ್ಣು, ತುಟಿ ಉರಿಯುತ್ತದೆ. ಮೆಣಸು ಕಲಸುವುದನ್ನು ಬೇರೆಯವರಿಗೇ ಬಿಟ್ಟರೆ ಇನ್ನೂ ಒಳ್ಳೆಯದು. ಹಾಲು ಹಿಂಡಿಡುವುದಿದ್ದರೆ, ಹೊರಗೆ 4 ಗಂಟೆ ಇರುತ್ತದೆ ಎನ್ನುವುದು 25 ಡಿಗ್ರಿಯ ಲೆಕ್ಕ. ನಮ್ಮ ಏಪ್ರಿಲಿಗೆ ಅದನ್ನು ನಂಬಬೇಡಿ, ಹಿಂಡಿದ ಕೂಡಲೇ ಫ್ರಿಜ್ಜಿಗೆ.

ಬೆಲೆಯ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ತಾಯಂದಿರು ತಮ್ಮ ಕೂಲಿಯನ್ನೇ ಬಿಟ್ಟುಬಿಡುತ್ತಾರೆ. ಒಂದು ಉದಾಹರಣೆ: ದಿನಕ್ಕೆ 400 ಹಪ್ಪಳ, 25ರ 16 ಕಟ್ಟು. ಇಬ್ಬರ ಕೂಲಿ 600, ಹಲಸು ಮೆಣಸು ಉಪ್ಪು ಸೌದೆ 250, ಕವರು ಲೇಬಲ್ 80. ಒಟ್ಟು 930, ಒಂದು ಕಟ್ಟಿಗೆ 58 ರೂಪಾಯಿ ಬಿತ್ತು ಎಂದುಕೊಳ್ಳುತ್ತೀರಿ. ಒಡೆದದ್ದು ಹತ್ತಕ್ಕೆ ಒಂದು ತೆಗೆದರೆ ಉಳಿಯುವುದು 14 ಕಟ್ಟು, ಕವರಿನ ಖರ್ಚು 70ಕ್ಕೆ ಇಳಿಯುತ್ತದೆ. ನಿಮ್ಮ 4 ಗಂಟೆಗೆ 300 ಸೇರಿಸಿ. 1,220 ಆಯಿತು, ಒಂದು ಕಟ್ಟಿಗೆ 87. ಅಂಗಡಿಯವರು ನೂರಕ್ಕೆ 20 ಹಿಡಿದರೆ 110ಕ್ಕೆ ಮಾರಿದರೂ ನಿಮಗೆ ಬರುವುದು 88. ಮನೆ ಗಿರಾಕಿಗಳಿಗೆ ನೇರವಾಗಿ ಕೊಡುವುದರಲ್ಲೇ ಲಾಭ, ಅಂಗಡಿಗೆ ಹೋಗುವ ಮೊದಲು ಅವರನ್ನು ಗಟ್ಟಿ ಮಾಡಿಕೊಳ್ಳಿ. ಒಣಗಿ ಡಬ್ಬಿಗೆ ಬಿದ್ದ ಮಾಲಿಗೆ ಮಾತ್ರ ಆರ್ಡರ್ ಹಿಡಿಯಿರಿ. ಮಗುವಿಗೆ ಜ್ವರ ಬಂದ ವಾರ ಎರಡು ವಾರದ ದಾಸ್ತಾನು ನಿಮ್ಮ ಮಾತು ಉಳಿಸುತ್ತದೆ.

ಗಡಿಯವರು ತಪ್ಪುವುದು ಇಲ್ಲಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಕೇರಳದೊಳಗೆ ಸರಕು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತಲಪಾಡಿಯ ಗಡಿ ದಾಟಿ ಮಂಗಳೂರಿನ ಅಂಗಡಿಗೆ ಉಪ್ಪಿನಕಾಯಿ ಮಾರಿದರೆ ಅದು ಅಂತರರಾಜ್ಯ ಮಾರಾಟ, ಮೊದಲ ಬಾಟಲಿಗೇ ನೋಂದಣಿ ಬೇಕು. ಮೊದಲ ವರ್ಷ ಗಡಿಯಾಚೆಗೆ ಹಪ್ಪಳ ಮಾತ್ರ ಕಳಿಸಿ, ಉಪ್ಪಿನಕಾಯಿ ಕುಂಬಳೆ, ಕಾಸರಗೋಡಿನಲ್ಲೇ ಮಾರಿ. ಮತ್ತೆ ಮತ್ತೆ ರಿಟರ್ನ್ ತುಂಬುವ ತಲೆಬಿಸಿ ಎಳೆಮಗುವಿನ ಮನೆಗೆ ಬೇಡ. ಇಷ್ಟು ಸಣ್ಣ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸರಳ ನೋಂದಣಿ ಸಾಕು, ಅದರ 14 ಅಂಕಿಯ ಸಂಖ್ಯೆ ಲೇಬಲಿನಲ್ಲಿರಬೇಕು. ಜೊತೆಗೆ ಪದಾರ್ಥಗಳು, ತೂಕ, ಬ್ಯಾಚ್, ತಯಾರಿಸಿದ ದಿನ, ಕೆಡದೆ ಇರುವ ಅವಧಿ, ಎಂಆರ್‌ಪಿ, ವಿಳಾಸ, ಸಸ್ಯಾಹಾರದ ಹಸಿರು ಚುಕ್ಕೆ.

ಕೈ ಸಾಲದಿದ್ದರೆ ವಾರ್ಡಿನ ಕುಟುಂಬಶ್ರೀ ಕೂಟದಲ್ಲಿ (ಹೆಂಗಸರ ಸ್ವಸಹಾಯ ಸಂಘ) ಕೇಳಿ. ಅಂಗನವಾಡಿಯಿಂದ ನಿಮ್ಮ ಮಗುವಿಗೆ ಬರುವ ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಪೌಷ್ಟಿಕ ಹಿಟ್ಟು ಕೂಡ ಅಂಥ ಘಟಕಗಳ ಹೆಂಗಸರೇ ಮಾಡುವುದು. ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು ನಮಗಿದೆ, ಮಲಯಾಳ ಬಾರದೆಂದು ಹಿಂಜರಿಯಬೇಡಿ.

ಜೂನಿನಲ್ಲಿ ಬಿಸಿಲು ಹೋದ ಮೇಲೂ ದುಡಿಮೆ ಬೇಕೆಂದರೆ ಮೇ ಕೊನೆಯ ಕಾಯಿಗಳನ್ನು ಉಪ್ಪುಸೊಳೆ ಹಾಕಿ. ಸೊಳೆ ಸಂಪೂರ್ಣ ಉಪ್ಪುನೀರಿನೊಳಗೇ ಮುಳುಗಿರುವಂತೆ ಮೇಲೆ ಭಾರ ಇಡಿ, ಹೊರಗೆ ಇಣುಕಿದ ಸೊಳೆಯಿಂದಲೇ ಭರಣಿ ಕೆಡಲು ಸುರುವಾಗುವುದು. ಒಲೆ ಇಲ್ಲ, ಖಾರ ಇಲ್ಲ, ಅರ್ಧಕ್ಕೆ ಬಿಟ್ಟು ಏಳಬಹುದು.