ಗಂಡ-ಹೆಂಡತಿ ಇಬ್ಬರೇ ಫ್ರಾನ್ಸಿಗೆ ಹೋಗಿ ಅವಸರವಿಲ್ಲದೆ ಊಟ, ಚಿತ್ರಕಲೆ ಸವಿಯಬೇಕು. ಎಲ್ಲಿಗೆ ಹೋಗಬಹುದು?

ಮಕ್ಕಳ ಜವಾಬ್ದಾರಿ ಮುಗಿದಿದೆ, ಕೈಯಲ್ಲಿ ಎರಡು ವಾರ ಇದೆ, ಇಬ್ಬರಿಗೂ ಚಿತ್ರಕಲೆ ಅಂದರೆ ಪ್ರೀತಿ, ನಿಮ್ಮ ಮನೆಯವರು ಸಸ್ಯಾಹಾರಿ ಅಂತ ಬರೆದಿದ್ದೀರಿ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ದಿನಕ್ಕೊಂದು ಊರು ಇದೆ, ಅದನ್ನು ನೋಡಿಯೇ ಸುಸ್ತಾಯಿತು ಅಂತಲೂ ಹೇಳಿದ್ದೀರಿ. ನಾನೂ ನಮ್ಮವರೂ ಫ್ರಾನ್ಸಿಗೆ ಮತ್ತೆ ಮತ್ತೆ ಹೋಗುವವರು, ಇಬ್ಬರೂ ಸಸ್ಯಾಹಾರಿಗಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಪಟ್ಟಿ ಬಿಟ್ಟುಬಿಡಿ. ದಕ್ಷಿಣದಲ್ಲಿ ಎರಡೇ ಊರು ಹಿಡಿಯಿರಿ, ಕೊನೆಗೆ ಮೂರು ದಿನ ಪ್ಯಾರಿಸ್ಸಿಗೆ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಎಕ್ಸ್-ಆನ್-ಪ್ರೊವಾನ್ಸ್ ಮತ್ತು ನೀಸ್. ಚಿತ್ರವನ್ನು ಮ್ಯೂಸಿಯಂ ಗೋಡೆಯ ಮೇಲೆ ನೋಡುವುದು ಒಂದು. ಆ ಚಿತ್ರ ಹುಟ್ಟಿದ ಬೆಳಕಿನಲ್ಲೇ ನಾಲ್ಕು ದಿನ ಓಡಾಡಿ, ಅಲ್ಲಿಯ ಸಂತೆಯಲ್ಲಿ ತರಕಾರಿ ಕೊಂಡು, ಆಮೇಲೆ ಚಿತ್ರದ ಮುಂದೆ ನಿಲ್ಲುವುದು ಇನ್ನೊಂದು. ನೀವು ಹುಡುಕುತ್ತಿರುವುದು ಎರಡನೆಯದು ಅಂತ ನನಗನ್ನಿಸಿತು.

ಎಕ್ಸ್ ಅಂದರೆ ಚಿತ್ರಕಾರ ಸೆಜಾನನ ಊರು. 1839ರಲ್ಲಿ ಹುಟ್ಟಿದ್ದು ಇಲ್ಲೇ, 1906ರಲ್ಲಿ ತೀರಿಕೊಂಡದ್ದೂ ಇಲ್ಲೇ. ಊರಿನ ಪೂರ್ವಕ್ಕೆ ಸೇಂತ್-ವಿಕ್ತ್ವಾರ್ ಅನ್ನುವ ಸುಣ್ಣಕಲ್ಲಿನ ಬೆಟ್ಟ ಇದೆ. ಎತ್ತರ 1011 ಮೀಟರ್, ಅಂಥ ಭಾರಿ ಬೆಟ್ಟವೇನಲ್ಲ. ಅದನ್ನೇ ಆತ ಎಣ್ಣೆಬಣ್ಣ, ಜಲವರ್ಣ ಎಲ್ಲ ಸೇರಿ 80ಕ್ಕೂ ಜಾಸ್ತಿ ಸಲ ಬರೆದ. ಕೊನೆಗೆ ಬಯಲಲ್ಲಿ ಚಿತ್ರ ಬರೆಯುತ್ತಿದ್ದಾಗಲೇ ಬಿರುಮಳೆಗೆ ಸಿಕ್ಕಿ ಕುಸಿದುಬಿದ್ದು, ಕೆಲವೇ ದಿನಗಳಲ್ಲಿ ಪ್ರಾಣ ಬಿಟ್ಟ.

ಊರಿನ ಉತ್ತರದ ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಸ್ಟುಡಿಯೋ ಇದೆ. 1902ರಿಂದ ಕೊನೆಯವರೆಗೂ ಕೆಲಸ ಮಾಡಿದ್ದು ಅಲ್ಲೇ. ಉತ್ತರಕ್ಕೆ ಗೋಡೆ ತುಂಬ ಕಿಟಕಿ. ಪಕ್ಕದಲ್ಲೇ ಗೋಡೆಯಲ್ಲಿ ಎತ್ತರಕ್ಕೆ ಒಂದು ಕಿರಿದಾದ ಸೀಳು. ಸ್ನಾನ ಮಾಡುವ ಹೆಂಗಸರ ದೊಡ್ಡ ಚಿತ್ರದ ಕ್ಯಾನ್ವಾಸನ್ನು ಒಳಗೆ-ಹೊರಗೆ ಸಾಗಿಸೋಕೆ ಅಂತಲೇ ಮಾಡಿಸಿದ ಸೀಳು ಅದು. ನಮ್ಮವರು ಬೇರೆ ಎಲ್ಲ ಬಿಟ್ಟು ಅದರ ಮುಂದೆಯೇ ತುಂಬ ಹೊತ್ತು ನಿಂತಿದ್ದರು. ಟಿಕೆಟ್ಟನ್ನು ಮೊದಲೇ ಬುಕ್ ಮಾಡಿಕೊಳ್ಳಿ.

ಸ್ಟುಡಿಯೋದಿಂದ ಅದೇ ರಸ್ತೆಯಲ್ಲಿ ಇನ್ನೂ ಮೇಲಕ್ಕೆ ನಡೆದರೆ ಒಂದು ಸಣ್ಣ ತೋಟ ಸಿಗುತ್ತದೆ. ಬೆಟ್ಟವನ್ನು ನೋಡುತ್ತ ಸೆಜಾನ್ ಚಿತ್ರ ಬರೆಯುತ್ತಿದ್ದ ಜಾಗ. ಅಲ್ಲಿಗೆ ಸಂಜೆಯೇ ಹೋಗಿ, ಕೈಯಲ್ಲಿ ಬ್ರೆಡ್ಡು, ಚೀಸು, ಒಂದೆರಡು ಪೀಚ್ ಹಣ್ಣು ಇರಲಿ. ಬೆಟ್ಟ ಪೂರ್ವಕ್ಕಿರುವುದರಿಂದ ಇಳಿಬಿಸಿಲು ನೇರ ಅದರ ಮುಖಕ್ಕೇ ಬೀಳುತ್ತದೆ. ಮಧ್ಯಾಹ್ನ ಬಿಳಿಚಿಕೊಂಡು ಚಪ್ಪಟೆಯಾಗಿದ್ದ ಬಂಡೆಯಲ್ಲಿ ಒಂದೊಂದೇ ಮಡಿಕೆ ಎದ್ದು ಕಾಣತೊಡಗುತ್ತದೆ. ಮೊದಲು ಕೆನೆಬಣ್ಣ, ಆಮೇಲೆ ನಸುಗೆಂಪು, ಸೂರ್ಯ ಮುಳುಗಿದ ಮೇಲೆ ನೀಲಿ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಅವಸರವೇ ಇಲ್ಲ. ಸೆಜಾನನ ಚಿತ್ರಗಳಲ್ಲಿ ಚೌಕ ಚೌಕವಾಗಿ ಇಟ್ಟ ಆ ಕುಂಚದ ಗುರುತುಗಳು ಎಲ್ಲಿಂದ ಬಂದವು ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಅಲ್ಲಿಯ ಕಲ್ಲುಬೆಂಚಿನ ಮೇಲೆ.

ಮಾರನೇ ದಿನ ಊರೊಳಗಿನ ಗ್ರಾನೆ ಮ್ಯೂಸಿಯಂಗೆ ಹೋಗಿ. ಸೆಜಾನ್ ಹುಡುಗನಾಗಿದ್ದಾಗ ಡ್ರಾಯಿಂಗ್ ಕಲಿತದ್ದು ಅಲ್ಲೇ. ಆದರೆ ಮುಂದೆ ಬಂದ ಮುಖ್ಯಸ್ಥರೊಬ್ಬರು ತಾವು ಬದುಕಿರುವವರೆಗೆ ಸೆಜಾನನ ಚಿತ್ರ ಈ ಬಾಗಿಲು ದಾಟುವುದಿಲ್ಲ ಅಂದಿದ್ದರಂತೆ. 1984ರಲ್ಲಿ ಫ್ರೆಂಚ್ ಸರ್ಕಾರ ಎಂಟು ಚಿತ್ರಗಳನ್ನು ಅಲ್ಲಿ ಇಡಿಸಿತು. ಹುಟ್ಟಿದ ಊರಿಗೆ ಆತನ ಚಿತ್ರಗಳು ಬರೋಕೆ ಅಷ್ಟು ವರ್ಷ ಹಿಡಿಯಿತು ಅಂದರೆ ಈಗಲೂ ಬೇಜಾರಾಗುತ್ತದೆ.

ಈಗ ಊಟದ ವಿಷಯ. ಎಕ್ಸಿನ ರಿಷೆಲ್ಮ್ ಚೌಕದಲ್ಲಿ ದಿನಾ ಬೆಳಗ್ಗೆ ಮರಗಳ ನೆರಳಲ್ಲಿ ಸಂತೆ ನಡೆಯುತ್ತದೆ. ಟೊಮೆಟೊ, ಬದನೆ, ಆಲಿವ್, ತುಳಸಿಯ ಜಾತಿಯ ಬೇಸಿಲ್ ಸೊಪ್ಪಿನ ಕಟ್ಟು, ಆಡಿನ ಹಾಲಿನ ಚೀಸು. ಕರಬೂಜ ಕೊಳ್ಳೋಕೆ ಹೋದರೆ ಅಂಗಡಿಯವರು ಮೊದಲು ಕೇಳುವುದು ‘ಇವತ್ತಿಗಾ, ನಾಳೆಗಾ?’ ಅಂತ. ಇವತ್ತಿಗೆ ಅಂದರೆ ಒಂದೊಂದನ್ನೇ ಎತ್ತಿ, ತೊಟ್ಟಿನ ಹತ್ತಿರ ಬೆರಳಿಂದ ಒತ್ತಿ, ಮೂಸಿ ನೋಡಿ ಆರಿಸಿಕೊಡುತ್ತಾರೆ. ಮಧ್ಯಾಹ್ನಕ್ಕೋ ರಾತ್ರಿಗೋ ಅಂತಲೂ ಕೆಲವರು ಕೇಳುತ್ತಾರೆ! ಆ ಊರಿನ ಊಟದ ಬಗ್ಗೆ ನನಗೆ ಗೌರವ ಹುಟ್ಟಿದ್ದು ದೊಡ್ಡ ಹೋಟೆಲಿನಲ್ಲಲ್ಲ, ಆ ತಕ್ಕಡಿಯ ಮುಂದೆ. ಅಡುಗೆಮನೆ ಇರುವ ಸಣ್ಣ ಬಾಡಿಗೆ ಮನೆ ಹಿಡಿದರೆ ಇದೆಲ್ಲ ನಿಮ್ಮದಾಗುತ್ತದೆ.

ಸಸ್ಯಾಹಾರಿಗಳಿಗೆ ದಕ್ಷಿಣ ಫ್ರಾನ್ಸ್ ಒಳ್ಳೆಯದು. ರಾಟಟೂಯಿ ಅನ್ನುವ ಬದನೆ-ಟೊಮೆಟೊ ಪಲ್ಯ, ಬೇಸಿಲ್ ಮತ್ತು ಬೆಳ್ಳುಳ್ಳಿ ಅರೆದು ಹಾಕುವ ಹುರುಳಿಕಾಯಿ ಸೂಪು, ಕಡಲೆಹಿಟ್ಟು ಬೇಯಿಸಿ, ತುಂಡು ಮಾಡಿ ಕರಿಯುವ ಪನಿಸ್. ಆದರೆ ಕೆಲವು ಕಡೆ ಹುಷಾರಾಗಿರಬೇಕು. ಆಲಿವ್ ಅರೆದು ಮಾಡುವ ತಪನಾದ್ ಚಟ್ನಿಯಲ್ಲಿ ಸಣ್ಣ ಮೀನು ಸೇರಿರುತ್ತದೆ. ನೀಸ್ ಹೆಸರಿನ ಸಲಾಡಿನಲ್ಲೂ ಮೀನು ಇರುತ್ತದೆ. ಕಾಮಾಂಬೇರ್, ಕೊಂತೆ, ರೋಕ್‌ಫೋರ್ ತರಹದ ಹೆಸರುವಾಸಿ ಚೀಸುಗಳಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಿಮ್ಮ ಮನೆಯವರು ಅದನ್ನು ಒಪ್ಪದಿದ್ದರೆ ಹೊರಡುವ ಮೊದಲೇ ತಿಳಿದಿರಲಿ.

ನೀಸಿನಲ್ಲಿ ಮೊದಲು ಮಾಡಬೇಕಾದ ಕೆಲಸ ಸೊಕ್ಕಾ ತಿನ್ನುವುದು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಅಲ್ಲಲ್ಲಿ ಕಪ್ಪಾಗಿ, ಒಳಗೆ ನಮ್ಮ ಕಡಲೆಹಿಟ್ಟಿನ ದೋಸೆಯ ಹಾಗೆ ಮೆತ್ತಗಿರುತ್ತದೆ. ಮೆಣಸಿನಪುಡಿ, ಅಂದರೆ ಕಾಳುಮೆಣಸಿನದು, ಉದುರಿಸಿ ಕೊಡುತ್ತಾರೆ. ಬಿಸಿ ಆರುವ ಮೊದಲು ಬೆರಳಲ್ಲೇ ಹರಿದು ತಿನ್ನಬೇಕು.

ನೀಸಿಗೆ ಚಿತ್ರಕಾರ ಮತೀಸ್ ಬಂದದ್ದು 1917ರಲ್ಲಿ, ಸತ್ತದ್ದು 1954ರಲ್ಲಿ ಅಲ್ಲೇ. ಅವನ ಮ್ಯೂಸಿಯಂ ಊರೊಳಗೇ ಇದೆ. ಆದರೆ ಸಮಯ ಕಮ್ಮಿ ಇದ್ದರೆ ಅದನ್ನು ಬಿಟ್ಟಾದರೂ ಹತ್ತಿರದ ವಾನ್ಸ್ ಊರಿನ ಪ್ರಾರ್ಥನಾ ಮಂದಿರಕ್ಕೆ ಬಸ್ ಹತ್ತಿ. 1948ರಿಂದ 1951ರವರೆಗೆ, ಎಂಬತ್ತರ ಆಸುಪಾಸಿನಲ್ಲಿ, ಅವನು ರೂಪಿಸಿದ್ದು. ಕಾಯಿಲೆಯಲ್ಲಿ ಆರೈಕೆ ಮಾಡಿದ ನರ್ಸ್ ಮುಂದೆ ಸನ್ಯಾಸಿನಿಯಾದಳು, ಅವಳ ಮೂಲಕವೇ ಈ ಕೆಲಸ ಶುರುವಾಯಿತು. ಉದ್ದ ಕೋಲಿನ ತುದಿಗೆ ಇದ್ದಿಲು ಕಟ್ಟಿ ಗೋಡೆಯ ಚಿತ್ರಗಳ ಗೆರೆ ಎಳೆಯುತ್ತಿದ್ದ. ಕಿಟಕಿಗಳಲ್ಲಿ ಹಳದಿ, ಹಸಿರು, ನೀಲಿ ಮೂರೇ ಬಣ್ಣದ ಗಾಜು. ಎದುರಿನ ಬಿಳಿ ಟೈಲ್ಸಿನ ಮೇಲೆ ಕಪ್ಪು ಗೆರೆ ಮಾತ್ರ. ಬಿಸಿಲು ಬಂದಾಗ ಆ ಬಣ್ಣಗಳು ನೆಲದ ಮೇಲೆ ನಿಧಾನವಾಗಿ ಸರಿಯುತ್ತವೆ. ಒಳಗೆ ಕಾಲಿಟ್ಟಾಗ ನೀಲಿ ಬಿದ್ದಿದ್ದ ಜಾಗದಲ್ಲಿ ನಾವು ಹೊರಡುವಾಗ ಹಸಿರಿತ್ತು. ಮತೀಸ್ ತನ್ನ ಕೆಲಸಗಳಲ್ಲೆಲ್ಲ ಇದೇ ಶ್ರೇಷ್ಠ ಅಂದುಕೊಂಡಿದ್ದ, ನನಗೂ ಹಾಗೇ ಅನ್ನಿಸುತ್ತದೆ. ವಾರದಲ್ಲಿ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ.

ಹೋಟೆಲಿನ ರೀತಿ ಸ್ವಲ್ಪ ಹೇಳಿಬಿಡುತ್ತೇನೆ. ಮಧ್ಯಾಹ್ನದ ಊಟ 12ರಿಂದ 2. ಆಮೇಲೆ ಸುಮಾರು ಕಡೆ ಅಡುಗೆಮನೆ ಮುಚ್ಚಿರುತ್ತದೆ, ಸಂಜೆ ಏಳರ ಮೇಲೆಯೇ ಮತ್ತೆ ತೆಗೆಯುವುದು. ದೊಡ್ಡ ಊಟ ಮಧ್ಯಾಹ್ನವೇ ಮಾಡಿ, ಹಲಗೆಯ ಮೇಲೆ ಬರೆದ ಆವತ್ತಿನ ಊಟ ರಾತ್ರಿಗಿಂತ ಅಗ್ಗ. ಕುಡಿಯೋಕೆ ‘ಕರಾಫ್ ದೋ’ ಅಂತ ಕೇಳಿದರೆ ನಲ್ಲಿ ನೀರು ಪುಕ್ಕಟೆ ತಂದಿಡುತ್ತಾರೆ. ಒಳಗೆ ಹೋದ ಕೂಡಲೇ ‘ಬೊಂಜೂರ್’ ಅನ್ನಿ, ಅಂಗಡಿಯಲ್ಲೂ ಅಷ್ಟೇ. ಬಿಲ್ಲನ್ನು ನೀವು ಕೇಳುವವರೆಗೆ ತರುವುದಿಲ್ಲ. ಅದು ಅಸಡ್ಡೆ ಅಲ್ಲ, ಆ ಟೇಬಲ್ ನಿಮ್ಮದೇ, ಸುಮ್ನೆ ಕೂತು ಮಾತಾಡಿಕೊಂಡಿರಿ ಅಂತ. ಗಂಡ-ಹೆಂಡತಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಪ್ಯಾರಿಸ್ಸಿಗೆ ವೇಗದ ರೈಲಿನಲ್ಲಿ ಬನ್ನಿ. ಎಕ್ಸಿನಿಂದ ಮೂರು ಗಂಟೆ ಚಿಲ್ಲರೆ, ಆದರೆ ಆ ಸ್ಟೇಷನ್ ಊರಿಂದ ದೂರ, ಬಸ್ಸಿನಲ್ಲಿ ಹೋಗಬೇಕು. ಪ್ಯಾರಿಸ್ಸಿಗೆ ನೀಸಿಗಿಂತ ಎಕ್ಸ್ ಹತ್ತಿರ, ಅದಕ್ಕೇ ನೀಸನ್ನು ಮೊದಲು ಮುಗಿಸಿ. ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ.ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನಿನಲ್ಲಿ ಕಲಿತರು. ಅವರಿಗಿಂತ ಬಹಳ ಹಿಂದೆ ಮತೀಸ್ ಕೂಡ ಅದೇ ಶಾಲೆಯಲ್ಲಿ ಕೂತಿದ್ದ. ಹೆಬ್ಬಾರರ ಗೆರೆ ಇಷ್ಟಪಡುವವರಿಗೆ ಈ ಸಂಗತಿ ಖುಷಿ ಕೊಡುತ್ತದೆ ಅಂತ ಹೇಳಿದೆ.

ಲೂವ್ರ್ ಪೂರ್ತಿ ನೋಡುವ ಆಸೆ ಈ ಸಲ ಬೇಡ. ಒಂದು ಬೆಳಗ್ಗೆ ಓರ್ಸೆ, ಇನ್ನೊಂದು ಬೆಳಗ್ಗೆ ಒರಾಂಜರಿ, ಈ ಎರಡು ಮ್ಯೂಸಿಯಂ ಸಾಕು. ಒರಾಂಜರಿಯಲ್ಲಿ ಚಿತ್ರಕಾರ ಮೋನೆಯ ನೈದಿಲೆ ಚಿತ್ರಗಳಿಗೇ ಅಂತ ಎರಡು ಅಂಡಾಕಾರದ ಕೋಣೆಗಳಿವೆ. ಅವನು ಸತ್ತ ಮರುವರ್ಷ, 1927ರಲ್ಲಿ ತೆರೆದದ್ದು. ಬೆಳಕು ಚಾವಣಿಯಿಂದ ಇಳಿಯುತ್ತದೆ, ನಡುವೆ ಕೂರೋಕೆ ಬೆಂಚಿದೆ. ಬೆಳಗಿನ ಮೊದಲ ಹೊತ್ತಿಗೇ ಟಿಕೆಟ್ ತೆಗೆದುಕೊಳ್ಳಿ, ಆಮೇಲೆ ಜನ ಜಾಸ್ತಿ. ಓರ್ಸೆಗೆ ಸೋಮವಾರ ರಜೆ, ಒರಾಂಜರಿಗೆ ಮಂಗಳವಾರ. ಹೋಗೋಕೆ ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಯಾವ ತಿಂಗಳು ಅಂತ ತೀರ್ಮಾನವಾದ ಮೇಲೆ ಕೇಳಿ, ಎಕ್ಸಿನಲ್ಲಿ ಯಾವ ಬೀದಿ ಕಡೆ ಮನೆ ಹುಡುಕಬೇಕು ಅಂತ ಹೇಳುತ್ತೇನೆ.