ಜನಿವಾರ ಯಾವ ಹೆಗಲ ಮೇಲಿದೆ, ಮೊದಲು ನೋಡಿ

ಹಳೆಯ ಚಿತ್ರಗಳಲ್ಲಿರುವ ಸಂಗೀತಗಾರರನ್ನೂ ವಾದ್ಯಗಳನ್ನೂ ಗುರುತಿಸಿಕೊಡಿ ಎಂದು ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ತುಂಬಾ ಫೋಟೊಗಳು ಬರುತ್ತವೆ. ಅದರಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಪದೇ ಪದೇ ಬರುತ್ತಿದೆ. ಈ ಸಲ ಜಾಸ್ತಿ ಜಾಗ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಜಗಲಿಯಲ್ಲಿ ಮುತ್ತಜ್ಜನ ಚಿತ್ರ ಇದೆ, ಗಾಜಿನ ಮೇಲೆ ಬರೆದದ್ದು. ಎಡಗೈಯಲ್ಲಿ ವೀಣೆ ಮೀಟುತ್ತಿದ್ದಾರೆ. ಮೈಸೂರು ಅರಮನೆಯ ವಿದ್ವಾಂಸರಾಗಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಅಲ್ಲಿದ್ದ ಎಡಗೈ ವೈಣಿಕರು ಯಾರು ಎಂದು ತಿಳಿಸಬಹುದೇ? (ಕುಮಟಾದ ಓದುಗರು)

ಉತ್ತರ: ನೀವು ಕಳಿಸಿದ ಫೋಟೊದಲ್ಲಿ ವಾದ್ಯವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮುತ್ತಜ್ಜನ ಜನಿವಾರ ನೋಡಿ. ಬಲ ಹೆಗಲಿನಿಂದ ಎಡ ಸೊಂಟಕ್ಕೆ ಇಳಿದಿದೆ, ಅಲ್ವಾ? ಜನಿವಾರ ಇರಬೇಕಾದದ್ದು ಎಡ ಹೆಗಲ ಮೇಲೆ. ಬಲಕ್ಕೆ ಬರುವುದು ಪಿತೃಕಾರ್ಯದಲ್ಲಿ. ಹಾಡಲು ಕುಳಿತವರು ಹಾಗೆ ಹಾಕಿಕೊಂಡಿರುವುದಿಲ್ಲ. ಹಿಂದಿನ ಗೋಡೆಯಲ್ಲಿ ಪುಟ್ಟದಾಗಿ ವಿಷ್ಣುವಿನ ಪಟ ಬರೆದಿದ್ದಾರೆ. ಅದರಲ್ಲೂ ಶಂಖ ಬಲಗೈಗೆ, ಚಕ್ರ ಎಡಗೈಗೆ ಬಂದಿದೆ. ಅಂದರೆ ಇಡೀ ಚಿತ್ರ ತಿರುಗಿದೆ. ಮುತ್ತಜ್ಜ ಎಲ್ಲರ ಹಾಗೆ ಬಲಗೈಯಲ್ಲೇ ಮೀಟುತ್ತಿದ್ದರು.

ಹೀಗೆ ಆಗುವುದಕ್ಕೆ ಕಾರಣ ಗಾಜಿನ ಚಿತ್ರ ಬರೆಯುವ ಕ್ರಮ. ಚೀನಾದ ವ್ಯಾಪಾರದ ಜತೆ ಪಶ್ಚಿಮ ಕರಾವಳಿಗೆ ಬಂದ ಕೆಲಸ ಇದು. ಬರೆಯುವುದು ಗಾಜಿನ ಹಿಂಬದಿಯಲ್ಲಿ, ನೋಡುವುದು ಮುಂಬದಿಯಿಂದ. ಎದುರಿಗೆ ಒಂದು ಫೋಟೊ ಇಟ್ಟು, ಅದರ ಮೇಲೆ ಗಾಜು ಹಾಸಿ, ಕಂಡ ಹಾಗೆ ಗೆರೆ ಎಳೆದರೆ ಮುಂದಿನಿಂದ ನೋಡುವವರಿಗೆ ಎಡ ಬಲ ಆಗುತ್ತದೆ, ಬಲ ಎಡ ಆಗುತ್ತದೆ. ಅನುಭವ ಇದ್ದವರು ಮೊದಲೇ ನಕ್ಷೆಯನ್ನು ತಿರುಗಿಸಿ ಇಟ್ಟುಕೊಳ್ಳುತ್ತಿದ್ದರು. ಎಲ್ಲರೂ ಹಾಗೆ ಮಾಡುತ್ತಿರಲಿಲ್ಲ. ಇನ್ನೊಂದು ಕಷ್ಟ ಏನೆಂದರೆ, ಇಲ್ಲಿ ಕಣ್ಣಿನ ಗುಡ್ಡೆ, ಹಣೆಯ ಗಂಧ, ವಾದ್ಯದ ತಂತಿಗಳನ್ನು ಮೊದಲು ಬರೆಯಬೇಕು. ಮೈಬಣ್ಣ, ಬಟ್ಟೆ ಆಮೇಲೆ. ಗೋಡೆ ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ತಪ್ಪಾಗಿದೆ ಎಂದು ಗೊತ್ತಾದರೂ ತಿದ್ದಲು ಬರುವುದಿಲ್ಲ.

ಈಗ ಮೊಬೈಲಿನಲ್ಲಿ ಫೋಟೊವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲು ಬದಲು ಮಾಡಿ ನೋಡಿ. ಆಗ ವಾದ್ಯದ ವಿಚಾರಕ್ಕೆ ಬರಬಹುದು.

ಅದು ವೀಣೆ ಅಲ್ಲ. ವೀಣೆಯ ದಂಡಿಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು, ಅಂದರೆ ಅಡ್ಡಪಟ್ಟಿಗಳು, ಇರುತ್ತವೆ. ಏಳು ತಂತಿಗೆ ಬಿಗಿ ಮಾಡುವ ಏಳು ಬಿರಡೆ, ಕೊನೆಯಲ್ಲಿ ಯಾಳಿಯ (ಸಿಂಹದಂಥ ಕಲ್ಪನೆಯ ಪ್ರಾಣಿ) ಮುಖ. ದೊಡ್ಡ ಕೊಡ ನುಡಿಸುವವರ ಬಲಕ್ಕೆ ಇರುತ್ತದೆ, ಎದುರು ಕೂತ ನಮಗೆ ಎಡಕ್ಕೆ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ದಂಡಿಯ ಮೇಲೆ ಒಂದೂ ಮೆಟ್ಟಿಲಿಲ್ಲ. ಬಿರಡೆ ನಾಲ್ಕೇ. ದಂಡಿ ಕಿವಿಯ ಪಕ್ಕದಲ್ಲಿ ನೆಟ್ಟಗೆ ಮೇಲಕ್ಕೆ ಹೋಗಿದೆ. ಇದು ತಂಬೂರಿ. ತಂತಿ ಎಣಿಸಬೇಡಿ. ಚಿತ್ರಗಾರರು ತಂತಿಯನ್ನು ಅಂದಾಜಿಗೆ ಎಳೆಯುವುದು ಎಷ್ಟೋ ಕಡೆ ಇದೆ. ಬಿರಡೆ, ಮೆಟ್ಟಿಲು, ಕೈ, ಈ ಮೂರನ್ನು ನಂಬಿ.

ಕೈ ಎಂದೆ. ನಿಮ್ಮ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ದೊಡ್ಡದು ಮಾಡಿ ನೋಡಿ. ನಡುಬೆರಳು ಮೊದಲ ತಂತಿಯ ಮೇಲೆ ಉದ್ದಕ್ಕೆ ಮಲಗಿದೆ, ತೋರುಬೆರಳು ಮುಂದಿನ ತಂತಿಗೆ ಕಾಯುತ್ತಿದೆ. ತಂಬೂರಿ ಮೀಟುವುದೇ ಹಾಗೆ. ಮೊದಲ ತಂತಿಯಾದ ಪಂಚಮಕ್ಕೆ (ಪ ಸ್ವರ) ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಬೆರಳು ಕೊಕ್ಕೆಯ ಹಾಗೆ ಮಡಚಿಲ್ಲ, ಮೆತ್ತಗಿದೆ. ಶೋಭೆಗೆಂದು ವಾದ್ಯ ಕೊಟ್ಟು ಕೂರಿಸಿದವರ ಕೈ ಹೀಗಿರುವುದಿಲ್ಲ. ಅವರು ದಂಡಿಯನ್ನು ಊರುಗೋಲು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಿರುತ್ತಾರೆ. ಸ್ಟುಡಿಯೋಗಳಲ್ಲಿ ತಂಬೂರಿ, ಸಿತಾರ್, ಹೂದಾನಿ ಎಲ್ಲ ಒಂದೇ ಮೂಲೆಯಲ್ಲಿ ಇರುತ್ತಿದ್ದ ಸಾಮಾನು. ನಿಮ್ಮ ಮುತ್ತಜ್ಜನಿಗೆ ತಂಬೂರಿಯ ರೂಢಿ ಇತ್ತು. ಅವರು ಹಾಡುತ್ತಿದ್ದರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮೈಸೂರಿನ ಮಾತಿಗೆ ಬಂದರೆ, ಅಲ್ಲಿ ನಾನು ನಿಲ್ಲುತ್ತೇನೆ. ತಂಬೂರಿಯ ಕೆಳಗಿನ ಬುರುಡೆ ದುಂಡಗೆ ಅಗಲವಾಗಿದೆ, ಸೋರೆಯದು. ತಂಜಾವೂರು ತಂಬೂರಿಯಾಗಿದ್ದರೆ ಮರದ್ದಾಗಿರುತ್ತಿತ್ತು. ಇದು ವಾದ್ಯ ತಯಾರಿಕೆಗೆ ಹೆಸರಾದ ಮಹಾರಾಷ್ಟ್ರದ ಮಿರಜಿನ ಕಡೆಯ ಮಾದರಿ. ನಮ್ಮ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ವಾದ್ಯ, ಗುರು, ಬಂದೀಶು (ಹಿಂದೂಸ್ತಾನಿ ಹಾಡು) ಎಲ್ಲ ಮಿರಜು, ಧಾರವಾಡದಿಂದ ಘಟ್ಟ ಇಳಿದು ಬರುವುದು ಸಹಜವಾಗಿತ್ತು. ಹಾಗೆಂದು ಅರಮನೆಯ ಮಾತು ಸುಳ್ಳೆಂದೂ ಹೇಳುವುದಿಲ್ಲ. ಮೈಸೂರು ಹಿಂದೂಸ್ತಾನಿ ಗಾಯಕರನ್ನೂ ಕರೆಸಿ ಮರ್ಯಾದೆ ಮಾಡಿದೆ. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ತೀರಿಕೊಂಡದ್ದು ಅಲ್ಲೇ. ಆದರೆ ತಂಬೂರಿ ನೋಡಿ ಯಾರೂ ಹೆಸರು ಹೇಳಲು ಸಾಧ್ಯವಿಲ್ಲ. ಹೇಳುತ್ತೇನೆ ಎಂದು ದುಡ್ಡು ಕೇಳುವವರು ಬಂದರೆ ಬಾಗಿಲಿನಿಂದಲೇ ಕಳಿಸಿ. ಹೋದ ವರ್ಷ ಅಂಕೋಲಾದ ಕಡೆ ಒಂದು ಮನೆಯವರು ಹೀಗೆ ಯಾರಿಗೋ ಹಣ ಕೊಟ್ಟು, ಅಜ್ಜನ ಚಿತ್ರದ ಕೆಳಗೆ ಪ್ರಸಿದ್ಧ ವಿದ್ವಾಂಸರೊಬ್ಬರ ಹೆಸರು ಬರೆಸಿದ್ದರು. ನೋಡಿ ಹೊಟ್ಟೆ ಉರಿಯಿತು. ಆ ಅಜ್ಜನ ಸ್ವಂತ ಹೆಸರು ಈಗ ಮನೆಯ ಮಕ್ಕಳಿಗೇ ಗೊತ್ತಿಲ್ಲ.

ಹೆಸರು ಬೇಕಾದರೆ ಅಟ್ಟ ಹತ್ತಿ. ಹಳೆಯ ಲೆಕ್ಕದ ಪುಸ್ತಕ, ಕಾಗದ, ಮದುವೆಯ ಕರೆಯೋಲೆ ಹುಡುಕಿ. ಚೌಕಟ್ಟಿನ ಹಿಂದೆ ಕಟ್ಟು ಹಾಕಿದ ಅಂಗಡಿಯ ಚೀಟಿ ಅಂಟಿಸಿದ್ದರೆ ಫೋಟೊ ತೆಗೆದುಕೊಳ್ಳಿ, ಕೀಳಬೇಡಿ.

ಪ್ರಶ್ನೆ: ಗಾಜಿನ ಚಿತ್ರದ ಹಿಂಬದಿ ಮಸುಕಾಗಿದೆ. ಹಸಿ ಬಟಾಟೆ ಹಚ್ಚಿ ಒರೆಸಬಹುದೇ? (ಹೊನ್ನಾವರ)

ಉತ್ತರ: ಬೇಡ. ಬಟಾಟೆ, ಈರುಳ್ಳಿ, ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಒದ್ದೆ ಬಟ್ಟೆ, ಯಾವುದೂ ಬೇಡ. ಹಿಂಬದಿಯೇ ಚಿತ್ರ. ನಮ್ಮ ಮಳೆಗಾಲದ ತೇವಕ್ಕೆ ಬಣ್ಣ ಈಗಾಗಲೇ ಗಾಜಿನಿಂದ ಬಿಟ್ಟುಕೊಂಡಿರುತ್ತದೆ. ಒಂದು ಸಲ ಒರೆಸಿದರೆ ಮುಖವೇ ಬಟ್ಟೆಗೆ ಬರುತ್ತದೆ. ಹಾಗೆ ಮುಖ ಹೋದ ಚಿತ್ರವನ್ನು ಚೀಲದಲ್ಲಿ ಹಿಡಿದು ನನ್ನ ಹತ್ತಿರ ಬಂದವರಿದ್ದಾರೆ. ನಾನು ಏನೂ ಮಾಡಲಾಗಲಿಲ್ಲ. ಒದ್ದೆ ಗೋಡೆಯಿಂದ ಇಳಿಸಿ, ಒಣ ಜಾಗದಲ್ಲಿ ಬಣ್ಣದ ಬದಿ ಮೇಲೆ ಮಾಡಿ ಮಲಗಿಸಿಡಿ, ತಿಳಿದವರಿಗೆ ತೋರಿಸಿ.

ಪ್ರಶ್ನೆ: ಸೋದೆ ಅರಸರ ಆಸ್ಥಾನದಲ್ಲಿದ್ದ ನಮ್ಮ ಹಿರಿಯರು ಹಾರ್ಮೋನಿಯಂ ಜತೆ ಇರುವ ಚಿತ್ರ ಇದೆ. ಎಷ್ಟು ಹಳೆಯದು? (ಶಿರಸಿ)

ಉತ್ತರ: ಸೋದೆಯ ಆಳ್ವಿಕೆ 18ನೇ ಶತಮಾನದಲ್ಲೇ ಹೈದರಾಲಿಯ ಕಾಲಕ್ಕೆ ಮುಗಿಯಿತು. ಹಾರ್ಮೋನಿಯಂ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದೇ 1840ರ ಸುಮಾರಿಗೆ.

ಪ್ರಶ್ನೆ: ಸರಸ್ವತಿಯ ಚಿತ್ರದ ಕೆಳಗೆ ರವಿವರ್ಮ ಪ್ರೆಸ್ ಎಂದಿದೆ. ಮೂಲಚಿತ್ರವೇ? ಲಕ್ಷಗಟ್ಟಲೆ ಬರುತ್ತದೆಯೇ? (ಕಾರವಾರ)

ಉತ್ತರ: ಪ್ರೆಸ್ ಎಂದು ಬರೆದಿದ್ದರೆ ಅಚ್ಚು. ಆ ಪ್ರೆಸ್ ಶುರುವಾದದ್ದು 1894ರಲ್ಲಿ, ಮುಂಬೈಯಲ್ಲಿ. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತದೆ. ಬೆಲೆಯ ಪ್ರಶ್ನೆ ನನಗೆ ಕಳಿಸಬೇಡಿ.

ಪ್ರಶ್ನೆ: ನಮ್ಮ ಅಜ್ಜಿಯ ತಾಯಿ ತಂಬೂರಿ ಹಿಡಿದು ಕುಳಿತ ಚಿತ್ರವನ್ನು ಮನೆಯವರು ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದಾರೆ. ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಭಯ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ತಂಗಿ, ಮೊದಲು ಪೆಟ್ಟಿಗೆಯಿಂದ ಹೊರಗೆ ತೆಗಿ. ಪೆಟ್ಟಿಗೆಯೊಳಗೆ ಗೆದ್ದಲೂ ಬೂಸ್ಟೂ ಬೇಗ ಹಿಡಿಯುತ್ತವೆ. ನೀನು ಕಳಿಸಿದ ಚಿತ್ರ ನೋಡಿದೆ. ಆ ಅಮ್ಮನ ಕೈಯೂ ತಂತಿಯ ಮೇಲೆ ಸರಿಯಾಗಿಯೇ ಇದೆ. ಕಲಿತ ಕೈ. ಆ ಕಾಲದಲ್ಲಿ ಹೆಂಗಸೊಬ್ಬಳು ಹೀಗೆ ಕೂತು ಚಿತ್ರ ಬರೆಸಿಕೊಳ್ಳಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕಿತ್ತು ಎಂದು ಮನೆಯವರಿಗೆ ಕೇಳು. ಅಜ್ಜಿ ಇನ್ನೂ ಇದ್ದಾರೆ ಎಂದು ಬರೆದಿದ್ದೀಯ. ಇವತ್ತೇ ಪಕ್ಕದಲ್ಲಿ ಕೂತು, ತಾಯಿ ಯಾವ ಹಾಡು ಹಾಡುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೋ.