ಉಡುಪಿಯ ಮಕ್ಕಳ ನಾಟಕ ತಂಡಕ್ಕೆ ಅಂತರರಾಷ್ಟ್ರೀಯ ಸಂಶೋಧನಾ ಜಾಲ ಏಕೆ ಬೇಕು?

ಮಕ್ಕಳು ನಾಟಕವನ್ನು ಹೇಗೆ ನೋಡುತ್ತಾರೆ ಎಂಬುದು ಒಂದೇ ಊರಿನ ಅನುಭವದಿಂದ ತಿಳಿಯುವುದಿಲ್ಲ, ಅದಕ್ಕೆ ಬೇಕು. ದೊಡ್ಡವರ ನಾಟಕಕ್ಕೆ ನೋಡಿದವರೇ ವಿಮರ್ಶೆ ಬರೆಯುತ್ತಾರೆ. ಏಳು ವರ್ಷದ ಹುಡುಗಿ ಬರೆಯುವುದಿಲ್ಲ. ಅವಳು ಎಲ್ಲಿ ಬೆಚ್ಚಿದಳು, ಯಾವಾಗ ಪಕ್ಕದವಳ ಜೊತೆ ಮಾತಿಗಿಳಿದಳು ಎಂಬುದನ್ನು ಯಾರಾದರೂ ಕುಳಿತು ಗುರುತು ಹಾಕಿಕೊಳ್ಳಬೇಕು. ಅದು ವಯಸ್ಸಿನ ಗುಣವೋ ಊರಿನ ಅಭ್ಯಾಸವೋ ಎಂಬುದು ಬೇರೆ ದೇಶಗಳ ಟಿಪ್ಪಣಿಗಳ ಪಕ್ಕದಲ್ಲಿಟ್ಟಾಗಲೇ ಸ್ಪಷ್ಟವಾಗುತ್ತದೆ.

ಮಕ್ಕಳ ರಂಗಭೂಮಿಯ ಅಂತರರಾಷ್ಟ್ರೀಯ ಸಂಘ ‘ಅಸಿತೆಜ್’ 1965ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಅದರ ಜೊತೆಗೆ ‘ಇಟಿಯಾರ್ನ್’ ಎಂಬ ಸಂಶೋಧನಾ ಜಾಲವಿದೆ. ನಮ್ಮ ಕಡೆಯಿಂದ ಹೇಳುವುದಕ್ಕೂ ಬೇಕಾದಷ್ಟಿದೆ: ಯಕ್ಷಗಾನದ ಪೂರ್ವರಂಗದಲ್ಲಿ, ಅಂದರೆ ಕಥೆ ಶುರುವಾಗುವ ಮುಂಚಿನ ಭಾಗದಲ್ಲಿ, ಹುಡುಗರು ಬಾಲಗೋಪಾಲರಾಗಿ ಭಾಗವತರ ಪದಕ್ಕೆ ಹೆಜ್ಜೆ ಹಾಕುತ್ತಲೇ ರಂಗಸ್ಥಳ ಪಳಗಿಸಿಕೊಳ್ಳುತ್ತಾರೆ. ಇಂಥದ್ದನ್ನು ಮೊದಲು ನಾವೇ ಎಚ್ಚರದಿಂದ ಬರೆದಿಡಬೇಕು, ಜಾಲದ ಜೊತೆ ಪತ್ರವ್ಯವಹಾರ ಆಮೇಲೆ.